ಫೈಲಿಗೆ ಸೇರಿದ ತೆಂಗಿನಕಾಯಿ

ಕಮ್ಯೂನಿನಿಂದ, ಅಂದರೆ ನಮ್ಮ ಊರಿನ ಪುರಸಭೆಯಿಂದ, ಬಂದ ಕಾಗದದಲ್ಲಿ ಇದ್ದದ್ದು ಎರಡೇ ಪ್ಯಾರಾ. ಎರಡನೆಯದನ್ನು ಮೂರು ಸಲ ಓದಿದೆ. ನನ್ನ ಸ್ವೀಡಿಷ್ ಎಲ್ಲೋ ಕೈಕೊಟ್ಟಿರಬೇಕು ಅಂತ ಫೋನಿನಲ್ಲಿ ಅನುವಾದ ಮಾಡಿಸಿಯೂ ನೋಡಿದೆ. ಕೈಕೊಟ್ಟಿರಲಿಲ್ಲ. ತೀರಿಕೊಂಡ ನನ್ನ ಗಂಡನ ಆಸ್ತಿಯಲ್ಲಿ ನಾನೂ ನನ್ನ ಮಗಳೂ ಇಬ್ಬರೂ ಪಾಲುದಾರರು. ಮಗಳಿಗೆ ಒಂಬತ್ತೇ ವರ್ಷ. ಆದ್ದರಿಂದ ಈ ವಿಷಯದಲ್ಲಿ ತಾಯಿ ಅವಳ ಪರವಾಗಿ ಸಹಿ ಹಾಕುವಂತಿಲ್ಲ, ಅವಳ ಹಿತ ನೋಡಿಕೊಳ್ಳಲು ಬೇರೊಬ್ಬರನ್ನು ನೇಮಿಸಲಾಗುವುದು.

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಯಿಂದ ಮಗೂನ ಕಾಪಾಡೋಕೆ ಇವರ್ಯಾರು? ಅಡುಗೆಮನೆಯಲ್ಲಿ ನಿಂತು, ಆ ಕಾಗದಕ್ಕೇ ಅಚ್ಚ ಕನ್ನಡದಲ್ಲಿ ಬೈದೆ. ಗಂಡ ಹೋದ ಎಂಟು ತಿಂಗಳಿಂದ ಆ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ನಮ್ಮದು ಲಿಂಕೋಪಿಂಗ್‌ನಿಂದ ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಸಣ್ಣ ಊರು. ಹಳದಿ ಬಣ್ಣದ ಮರದ ಮನೆ, ಮುಂದೆ ಕಾರು ನಿಲ್ಲಿಸುವಷ್ಟು ಅಂಗಳ. ಜನವರಿಯ ಒಂದು ಬೆಳಿಗ್ಗೆ ನನ್ನ ಗಂಡ ಆ ಅಂಗಳದಲ್ಲಿ ಹಿಮ ಎತ್ತಿಹಾಕುತ್ತಿದ್ದವನು ಹಾಗೇ ಕುಸಿದ. ನಾನು ಆಗಲೇ ಲಿಂಕೋಪಿಂಗ್‌ನ ಆಫೀಸಿನಲ್ಲಿದ್ದೆ. ಮಗಳು ಕಿಟಕಿಯಲ್ಲಿದ್ದಳು. ಪಕ್ಕದ ಮನೆಯವರನ್ನು ಕೂಗಿ ಕರೆದದ್ದು ಅವಳೇ. ಇದನ್ನು ಇಷ್ಟರಲ್ಲೇ ಹೇಳಿ ಮುಗಿಸುತ್ತೇನೆ, ಹೆಚ್ಚು ಹೇಳಲು ಈಗಲೂ ಆಗುವುದಿಲ್ಲ.

ಆಮೇಲೆ ನಾನು ಒಂದೇ ಹಟ ಹಿಡಿದೆ. ಈ ಮನೆ ಬಿಡಬಾರದು. ಅಪ್ಪನದು ಅಂತ ಮಗಳಿಗೆ ಉಳಿಯೋದು ಇದೊಂದೇ. ಸ್ಟಾಕ್‌ಹೋಮ್ ಪಕ್ಕದ ಕಿಸ್ಟಾದಲ್ಲಿ ಕೆಲಸ ಸಿಕ್ಕಿತ್ತು, ಬೇಡ ಅಂದೆ. ಬೆಂಗಳೂರಿಗೆ ವಾಪಸ್ ಬಾ ಅಂದ ಅಣ್ಣನ ಮೇಲೆ ಹರಿಹಾಯ್ದೆ. ನನ್ನ ಗಂಡನ ಶೂ ಅವನಿಟ್ಟ ಕಡೆಯೇ ಇತ್ತು, ಹಿಮ ಎತ್ತುವ ಸಲಿಕೆ ಬಾಗಿಲ ಪಕ್ಕದಲ್ಲೇ ನಿಂತಿತ್ತು. ಮಗಳು ಸುಮ್ಮನೆ ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಅವಳಿಂದ ನನಗಿದ್ದದ್ದು ಒಂದೇ ತಲೆನೋವು: ಮುಂಬಾಗಿಲು ಬಿಟ್ಟು ಹಿಂದಿನ ಬಟ್ಟೆ ಒಗೆಯುವ ಕೋಣೆಯ ಬಾಗಿಲಿನಿಂದ ಓಡಾಡುತ್ತಿದ್ದಳು. ಒಗೆದಿಟ್ಟ ಬಟ್ಟೆಯ ಮೇಲೆಲ್ಲ ಬೂಟಿನ ಕೆಸರು. ದಿನಾ ಬೈಯುತ್ತಿದ್ದೆ. ಅವಳು ಸ್ವೀಡಿಷ್‌ನಲ್ಲಿ ಸಾರಿ ಅನ್ನುತ್ತಿದ್ದಳು, ಮಾರನೇ ದಿನ ಮತ್ತೆ ಅದೇ ಬಾಗಿಲು.

ಕಾಗದ ಬಂದ ದಿನ ನಾನು ಫೋನ್ ಮಾಡಿದ್ದು ನನ್ನ ಗಂಡನ ಸಹೋದ್ಯೋಗಿಗೆ. ಕಲಬುರಗಿ ಕಡೆಯ ಹುಡುಗ, ಈಗ ಎರಡು ಮಕ್ಕಳ ತಂದೆ. ನಮ್ಮ ಮುಂದೆ ತನ್ನ ಕಡೆಯ ಕನ್ನಡ ತಗ್ಗಿಸಿ ಬೆಂಗಳೂರಿನ ಹಾಗೆ ಮಾತಾಡುತ್ತಾನೆ, ನನ್ನನ್ನು ಅಕ್ಕ ಅನ್ನುತ್ತಾನೆ. ನನ್ನ ಗಂಡ ಎರಡು ವರ್ಷದ ಹಿಂದೆ ಆಫೀಸಿನ ಫೀಕಾದಲ್ಲಿ, ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿನಲ್ಲಿ, ತನ್ನ ಪಾಲು ಮಗಳಿಗೆ ಅಂತ ಉಯಿಲು ಬರೆದು ಇಬ್ಬರ ಸಾಕ್ಷಿ ಸಹಿ ಹಾಕಿಸಿದ್ದ. ಆ ಇಬ್ಬರಲ್ಲಿ ಇವನೊಬ್ಬ. ಅವನ ಮೇಲೂ ರೇಗಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ ವಿಚಾರಿಸಿ ಸಂಜೆ ಫೋನ್ ಮಾಡಿ ಹೇಳಿದ್ದಿಷ್ಟು: ಇದನ್ನೆಲ್ಲ ನೋಡುವವರು ಜಡ್ಜ್ ಅಲ್ಲ, ಅಧಿಕಾರಿಯೂ ಅಲ್ಲ. ಊರಿನ ಕೌನ್ಸಿಲ್ ಚುನಾಯಿಸುವ ಒಬ್ಬ ಸಾಮಾನ್ಯ ಮನುಷ್ಯ. ಈಗ ಇರುವಾಕೆ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವರು.

ಬಸ್ ಡ್ರೈವರಾ! ನಾನು ಫೋನ್ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟೆ.

ಯಾಕೆ ಅಂತ ಹೇಳಬೇಕಾದರೆ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪ ತುಮಕೂರಿನಲ್ಲಿ ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಮೇಜು, ಒಂದು ಟೈಪ್‌ರೈಟರ್. ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಗಂಡನನ್ನು ಕಳೆದುಕೊಂಡ ಹೆಂಗಸರು ಪೌತಿ ಖಾತೆಗೆ, ವಂಶವೃಕ್ಷಕ್ಕೆ ಅಂತ ಬಂದು ನಿಲ್ಲುತ್ತಿದ್ದರು, ಸೆರಗು ಹಿಡಿದುಕೊಂಡ ಮಕ್ಕಳ ಸಮೇತ. ಪತ್ರದಲ್ಲಿ ಆ ಮಕ್ಕಳು ಬರುತ್ತಿದ್ದದ್ದು ಒಂದೇ ಸಾಲಿನಲ್ಲಿ: ಮೈನರ್ ಆದ್ದರಿಂದ ಇವರ ಪರ ಮೈನರ್ ಗಾರ್ಡಿಯನ್ ತಾಯಿ. ಅಪ್ಪ ಆ ಸಾಲನ್ನು ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದರು. ಮಗುವಿನ ಪಾಲು ಮಾರಬೇಕಾದರೆ ಮಾತ್ರ ಜಿಲ್ಲಾ ಕೋರ್ಟಿನ ಅನುಮತಿ ಬೇಕಿತ್ತು. ಅದಕ್ಕೆ ವಕೀಲರು, ತಾರೀಖು, ಮತ್ತೊಂದು ತಾರೀಖು. ಜಡ್ಜ್ ಸಾಹೇಬರು ಕೂತಿದ್ದ ಕಡೆಗೆ ನೋಡಲೂ ಆ ಹೆಂಗಸರು ಹೆದರುತ್ತಿದ್ದರು. ಅಂಥ ಕೆಲಸ ಇಲ್ಲಿ ಬಸ್ ಡ್ರೈವರ್ ಮಾಡುತ್ತಾರೆ ಅಂದರೆ ನಂಬುವುದು ಹೇಗೆ?

ನಂಬಿದ ಮೇಲೆ ನನಗೆ ಧೈರ್ಯ ಬಂತು. ಯಾಕೆಂದರೆ ಜಡ್ಜ್‌ನ ಮನೆಗೆ ಹೋಗೋಕಾಗಲ್ಲ. ಆದರೆ ಚುನಾವಣೆಯಲ್ಲಿ ಗೆದ್ದವರ ಮನೆಗೆ ಹೋಗಬಹುದಲ್ಲ? ನಮ್ಮೂರಲ್ಲಿ ಕಾರ್ಪೊರೇಟರ್ ಮನೆ ಮುಂದೆ ಬೆಳಿಗ್ಗೆ ಎಂಟಕ್ಕೇ ಜನ ನಿಂತಿರುತ್ತಿದ್ದರು. ಬರಿಗೈಯಲ್ಲಿ ಯಾರೂ ಹೋಗುತ್ತಿರಲಿಲ್ಲ. ಅದು ಲಂಚ ಅಂತ ನಮ್ಮ ತಲೆಗೆ ಹೊಳೆದದ್ದೇ ಇಲ್ಲ, ಮರ್ಯಾದೆ ಅಷ್ಟೇ. ಶನಿವಾರ ಲಿಂಕೋಪಿಂಗ್‌ಗೆ ಹೋಗಿ ಥಾಯ್ ಅಂಗಡಿಯಲ್ಲಿ ತೆಂಗಿನಕಾಯಿ ಹುಡುಕಿದೆ, ಸೇಬು, ಬಾಳೆಹಣ್ಣು ತಗೊಂಡೆ. ವೀಳ್ಯದೆಲೆ ಸಿಗಲಿಲ್ಲ. ಮದುವೆಯಲ್ಲಿ ಬಂದ ಬೆಳ್ಳಿ ತಟ್ಟೆಯಲ್ಲಿ ಎಲ್ಲ ಜೋಡಿಸಿ, ಮೇಲೆ ಕುಂಕುಮದ ಪೊಟ್ಟಣ ಇಟ್ಟು, ಭಾನುವಾರ ಬೆಳಿಗ್ಗೆ ಆ ಬಸ್ ಓಡಿಸಿದವರ ಮನೆ ಬಾಗಿಲು ತಟ್ಟಿದೆ.

ಅವರು ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದರು. ಎತ್ತರದ ಹೆಂಗಸು, ಮಂಡಿ ನೋವಿಗೆ ಕುಂಟುತ್ತಿದ್ದರು. ನಾನು ಯಾರು ಅಂತ ಹೇಳುವ ಮೊದಲೇ, ನನ್ನ ಮಗಳು ಬಸ್ಸಿನಲ್ಲಿ ಎಡಗಡೆ ಎರಡನೇ ಸೀಟಿನಲ್ಲಿ ಕೂರುತ್ತಿದ್ದಳು ಅಂದರು. ಒಳಗೆ ಕರೆದು ಕಾಫಿ ಕೊಟ್ಟರು. ತಟ್ಟೆಯನ್ನು ಮೇಜಿನ ಮೇಲೆ, ನಮ್ಮಿಬ್ಬರ ಮಧ್ಯೆ, ನಾನಿಟ್ಟ ಕಡೆಯೇ ಬಿಟ್ಟರು. ಮುಟ್ಟಲಿಲ್ಲ.

ನಾನು ಶುರು ಮಾಡಿದೆ. ಮನೆ ಉಳಿಸಿಕೊಳ್ಳುತ್ತಿರೋದೇ ಮಗಳಿಗೋಸ್ಕರ, ನನಗೆ ಅವಳನ್ನು ಬಿಟ್ಟರೆ ಯಾರಿದ್ದಾರೆ, ಯಾರೋ ಮೂರನೆಯವರು ಬಂದು ನನ್ನ ಮಗಳಿಗೆ ಯಾವುದು ಒಳ್ಳೇದು ಅಂತ ಹೇಳಿ, ಮನೆ ಕೈತಪ್ಪಿ ಹೋದರೆ ನಾನು ಅವಳಿಗೆ ಏನು ಹೇಳಲಿ. ಸಿಟ್ಟು, ಅಳು ಎರಡೂ ಸೇರಿ ನನ್ನ ಸ್ವೀಡಿಷ್ ಕಲಸುಮೇಲೋಗರ ಆಯಿತು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಡ್ರಾಯರ್‌ನಿಂದ ಒಂದು ಪ್ಯಾಡ್ ತೆಗೆದು, ಕನ್ನಡಕ ಹಾಕಿಕೊಂಡು, ಬರೆಯಲು ಕೂತರು. ಬರೆದದ್ದನ್ನು ನನಗೆ ಓದಿ ಹೇಳಿದರು. ಇಂಥ ದಿನ ಮಗುವಿನ ತಾಯಿ ಮನೆಗೆ ಬಂದರು. ಹಣ್ಣು ಮತ್ತು ಒಂದು ತೆಂಗಿನಕಾಯಿ ತಂದರು. ಕಾಣಿಕೆಯನ್ನು ಸ್ವೀಕರಿಸಲಿಲ್ಲ. ತಾಯಿ ಮನೆಯನ್ನು ಉಳಿಸಿಕೊಳ್ಳಲು ಬಯಸುತ್ತಾರೆ.

ಅಯ್ಯೋ ದೇವರೇ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದು ಫೈಲಿಗೆ ಹೋಗುತ್ತಾ ಅಂತ ಕೇಳಿದೆ. ಹೋಗುತ್ತದೆ, ಮಗುವಿನ ವಿಷಯದಲ್ಲಿ ನನಗೆ ಯಾರು ಏನೇ ಹೇಳಿದರೂ ಹೋಗುತ್ತದೆ, ನೀನು ಯಾವತ್ತು ಬೇಕಾದರೂ ಬಂದು ಓದಬಹುದು ಅಂದರು. ಸ್ವೀಡಿಷ್‌ನಲ್ಲಿ ಎಲ್ಲರಿಗೂ ನೀನು, ನಾನೂ ಅವರಿಗೆ ನೀನು ಅಂತಲೇ ಹೇಳಬೇಕು. ಹಾಗನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಪೆನ್ನು ಕೆಳಗಿಟ್ಟರು.

"ನಿನ್ನ ಮೇಲೆ ಅನುಮಾನ ಇಲ್ಲ," ಅಂದರು. "ನಿನಗೆ ನೀನಿದ್ದೀಯ. ಅವಳಿಗೂ ಒಬ್ಬರು ಬೇಕಲ್ಲ?"

ಆವತ್ತು ನನಗೆ ಅದು ಅರ್ಥವಾಗಲಿಲ್ಲ, ಒಪ್ಪಿಗೆಯೂ ಆಗಲಿಲ್ಲ. ತಟ್ಟೆ ಎತ್ತಿಕೊಂಡು, ತೆಂಗಿನಕಾಯಿ ಉರುಳದ ಹಾಗೆ ಗದ್ದದಿಂದ ಒತ್ತಿ ಹಿಡಿದು ಮನೆಗೆ ನಡೆದೆ. ಕಲಬುರಗಿಯವನಿಗೆ ಹೇಳಿದೆ. ಅವನು ನಗು ತಡೆಯೋಕೆ ನೋಡಿ ಸೋತ. "ಅಕ್ಕಾ, ಸ್ವೀಡನ್ ಸರ್ಕಾರದ ಫೈಲಿನಾಗ ತೆಂಗಿನಕಾಯಿ ಹೋತು ನೋಡ್ರಿ," ಅಂದ, ಆವತ್ತು ತಗ್ಗಿಸದ ಕನ್ನಡದಲ್ಲಿ. ಎಂಟು ತಿಂಗಳಲ್ಲಿ ನಾನೂ ಮೊದಲ ಸಲ ನಕ್ಕೆ. ಕಾಯಿಯನ್ನು ತುರಿದು ಚಟ್ನಿ ಮಾಡಿದೆ.

ಎರಡು ವಾರಕ್ಕೆ ಮಗಳ ಪರವಾಗಿ ನೇಮಕವಾದವರು ಬಂದರು. ಈ ಕೆಲಸಕ್ಕೆ ಸ್ವೀಡಿಷ್‌ನಲ್ಲಿ ಇರುವ ಹೆಸರಿಗೆ ಒಳ್ಳೆಯ ಮನುಷ್ಯ ಅಂತಲೇ ಅರ್ಥ. ಔಷಧದಂಗಡಿ ನಡೆಸಿ ನಿವೃತ್ತರಾದ ಮುದುಕರು, ಉಣ್ಣೆ ಟೋಪಿ, ಮೆತ್ತನೆಯ ದನಿ. ಮನೆ ನೋಡಿದರು, ಕಾಗದ ನೋಡಿದರು. ಆಮೇಲೆ ಬಹಳ ವಿನಯದಿಂದ, ಮಗಳ ಜೊತೆ ಸ್ವಲ್ಪ ಹೊತ್ತು ಒಬ್ಬನೇ ಮಾತಾಡಬಹುದಾ ಅಂತ ಕೇಳಿದರು. ಕೇಳಿದ್ದು ನನ್ನನ್ನಲ್ಲ, ಅವಳನ್ನು. ಅವಳು ಹೂಂ ಅಂದಳು. ನಾನು ನನ್ನ ಮನೆಯಲ್ಲೇ ನಾನು ಬೇಡವಾದವಳ ಹಾಗೆ ಹಿಂದಿನ ಕೋಣೆಗೆ ಹೋಗಿ ವಾಷಿಂಗ್ ಮೆಷಿನ್ ಮುಂದೆ ನಿಂತೆ. ಬಾಗಿಲಿಗೆ ಕಿವಿ ಕೊಡಬಾರದು ಅಂತ ಬೇಕೆಂದೇ ಮೆಷಿನ್ ಹಾಕಿದೆ. ಬಟ್ಟೆ ತಿರುಗುತ್ತಿತ್ತು, ನಾನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ.

ಅರ್ಧ ಗಂಟೆ ಆದ ಮೇಲೆ ಅವರೇ ಬಂದು ಕರೆದರು. ಮಗಳು ಮಹಡಿಗೆ ಹೋಗಿದ್ದಳು. ಅವಳು ಹೇಳಿದ್ದರಲ್ಲಿ ಒಂದನ್ನು ಅಮ್ಮನಿಗೆ ಹೇಳಿ ಅಂತ ಒಪ್ಪಿಗೆ ಕೊಟ್ಟಿದ್ದಾಳೆ, ಅಷ್ಟನ್ನೇ ಹೇಳುತ್ತೇನೆ ಅಂದರು. ನಾನು ಕೈಕಟ್ಟಿ ನಿಂತೆ.

"ಅವಳಿಗೆ ಒಂದೇ ಬಾಗಿಲಿರೋ ಮನೆ ಬೇಕಂತೆ. ಅಪ್ಪ ಬಿದ್ದ ಜಾಗ ದಾಟದೆ ಶಾಲೆಗೆ ಹೋಗೋ ಹಾಗಿರೋ ಮನೆ. ಆದರೆ ಅಮ್ಮನಿಗೆ ಈ ಮನೆ ಇಷ್ಟ, ಅದಕ್ಕೆ ಇಲ್ಲೇ ಇರ್ತೀನಿ ಅಂದಳು."

ನಾನು ಅಲ್ಲೇ ಒಗೆಯುವ ಬಟ್ಟೆಯ ಬುಟ್ಟಿಯ ಮೇಲೆ ಕೂತೆ. ನೆಲದ ಮೇಲೆ ಪುಟ್ಟ ಬೂಟಿನ ಕೆಸರು ಒಣಗಿತ್ತು, ಬೆಳಿಗ್ಗೆ ಅದಕ್ಕೇ ಬೈದಿದ್ದೆ. ಎಂಟು ತಿಂಗಳು. ದಿನಕ್ಕೆ ಎರಡು ಸಲ. ನಾನು ಹೊತ್ತು ಹುಟ್ಟುವ ಮುಂಚೆ ಬಸ್ಸು ಹಿಡಿದು ಹೋಗುವಾಗ ಅದೇ ಅಂಗಳ ತುಳಿದೇ ಹೋಗುತ್ತಿದ್ದೆ, ಏನೂ ಅನ್ನಿಸದೆ. ನಾನು ನೋಡಿರಲಿಲ್ಲವಲ್ಲ, ನೋಡಿದ್ದವಳು ಅವಳು. ಅವಳನ್ನು ಊಟ ಆಯಿತಾ, ಹಲ್ಲು ಉಜ್ಜಿದೆಯಾ, ಸ್ವೆಟರ್ ಹಾಕಿಕೊಂಡೆಯಾ ಅಂತ ಸಾವಿರ ಸಲ ಕೇಳಿದ್ದೇನೆ. ಈ ಮನೆಯಲ್ಲಿ ಇರ್ತೀಯಾ ಅಂತ ಒಂದು ಸಲವೂ ಕೇಳಿರಲಿಲ್ಲ. ಕೇಳಬೇಕು ಅಂತಲೇ ತೋಚಿರಲಿಲ್ಲ. ಮೈನರ್ ಗಾರ್ಡಿಯನ್ ತಾಯಿ! ಆ ಸಾಲು ಬರೆದ ಅಪ್ಪನ ಮಗಳು ನಾನು. ಆ ಸೆರಗು ಹಿಡಿದ ಮಕ್ಕಳನ್ನು ಯಾರಾದರೂ ಏನಾದರೂ ಕೇಳಿದ್ದು ನೋಡಿದ ನೆನಪೇ ನನಗಿಲ್ಲ.

ಮುದುಕರು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಟೋಪಿ ಹಾಕಿಕೊಂಡು, ಯೋಚನೆ ಮಾಡು, ಅವಸರ ಇಲ್ಲ ಅಂದರು. ಹೊರಟವರು ಹಿಂದಿನ ಬಾಗಿಲಿನಿಂದ ಹೋದರು. ಅದನ್ನು ನೋಡಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮನೆ ಮಾರಿದೆವು. ಮುದುಕರು ಮಗಳ ಪರವಾಗಿ ಸಹಿ ಹಾಕಿದರು, ಬಸ್ ಓಡಿಸುತ್ತಿದ್ದವರು ಒಪ್ಪಿಗೆ ಕೊಟ್ಟರು. ಅದೇ ಊರಿನಲ್ಲಿ, ಶಾಲೆಯ ಹಿಂದೆ, ಮೂರನೇ ಮಹಡಿಯ ಫ್ಲಾಟು. ಒಂದೇ ಬಾಗಿಲು. ಮೊದಲ ದಿನ ಮಗಳು ಬೂಟು ಬಿಚ್ಚಿ ಚಾಪೆಯ ಮೇಲೆ ಜೋಡಿಸಿಟ್ಟಳು. ನಾನು ಹೇಳದೆಯೇ.

ಆಮೇಲೆ ನನಗೆ ಒಂದು ಹುಚ್ಚು ಹಿಡಿಯಿತು. ಇಂಥ ಕೆಲಸಕ್ಕೆ ಇಂಥ ಜನರನ್ನು ಆರಿಸೋದು ಹೇಗೆ, ಅದನ್ನು ಕಣ್ಣಾರೆ ನೋಡಬೇಕು. ಆ ಹೆಂಗಸಿನ ಮನೆಗೆ ಮತ್ತೆ ಹೋದೆ, ಈ ಸಲ ಬರಿಗೈಯಲ್ಲಿ. ಅವರು ವಿವರಿಸಿದರು. ಊರಿನ ಚುನಾವಣೆ ಆದ ಮೇಲೆ ಹೊಸ ಕೌನ್ಸಿಲ್ ಕೂತು ಈ ಹುದ್ದೆಗೆ ಒಬ್ಬರನ್ನೂ, ಅವರು ಇಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರನ್ನೂ ನಾಲ್ಕು ವರ್ಷಕ್ಕೆ ಆರಿಸುತ್ತದೆ. ಲಾ ಓದಿರಬೇಕಾಗಿಲ್ಲ. ಸ್ವೀಡನ್‌ನ ಪೌರತ್ವವೂ ಬೇಕಾಗಿಲ್ಲ, ಊರಿನ ಚುನಾವಣೆಯಲ್ಲಿ ಓಟು ಹಾಕುವ ಹಕ್ಕಿದ್ದರೆ ಸಾಕು. ಇಲ್ಲಿ ಮೂರು ವರ್ಷ ವಾಸವಿದ್ದವರಿಗೆ ಅದು ಇರುತ್ತದೆ. ಮಂಡಿ ನೀವಿಕೊಳ್ಳುತ್ತಾ, ನನಗೂ ಒಬ್ಬ ಬದಲಿ ಬೇಕು, ನಿನ್ನ ಹೆಸರು ಕೊಡಲಾ ಅಂದರು.

ತಮಾಷೆ ಅಂದುಕೊಂಡೆ. ನಾನು ಇಂಡಿಯನ್ ಪಾಸ್‌ಪೋರ್ಟಿನವಳು, ನಿಮಗೇ ತೆಂಗಿನಕಾಯಿ ಕೊಡಲು ಬಂದವಳು ಅಂದೆ. ಗೊತ್ತು, ಬರೆದವಳೇ ನಾನಲ್ಲವಾ ಅಂದರು. ಒಪ್ಪಿಕೊಂಡೆ.

ಕೌನ್ಸಿಲ್ ನನ್ನನ್ನು ಆರಿಸುವ ದಿನ ನಾನು ಮೈಸೂರು ಸಿಲ್ಕ್ ಉಟ್ಟೆ. ಭಾಷಣ ಮಾಡು ಅನ್ನಬಹುದು ಅಂತ ಅರ್ಧ ಪುಟ ಬರೆದು ಬಾಯಿಪಾಠ ಮಾಡಿದ್ದೆ. ಮಗಳು ಜೊತೆಗೆ ಬಂದಳು. ಪುರಸಭೆಯ ಹಾಲಿನಲ್ಲಿ ಸಾರ್ವಜನಿಕರಿಗೆ ಅಂತ ಹಿಂದೆ ಹತ್ತು ಕುರ್ಚಿ, ಕೂತವರು ನಾವಿಬ್ಬರೇ. ಒಂದು ಗಂಟೆ ಸೈಕಲ್ ದಾರಿಯ ಮೇಲೆ ಚರ್ಚೆ ನಡೆಯಿತು, ನನಗೆ ತೂಕಡಿಕೆ. ಮಗಳ ಕೈಗವಸು ಕುರ್ಚಿಯ ಕೆಳಗೆ ಬಿತ್ತು. ಸೀರೆಯ ನೆರಿಗೆ ಹಿಡಿದುಕೊಂಡು ಬಗ್ಗಿ ಅದನ್ನು ಹೆಕ್ಕುವಷ್ಟರಲ್ಲಿ ಮರದ ಸುತ್ತಿಗೆಯ ಟಕ್ ಅನ್ನುವ ಸದ್ದು ಕೇಳಿತು. ಎದ್ದಾಗ ಮಗಳು ನನ್ನ ತೋಳು ಹಿಡಿದು ಅಲುಗಿಸುತ್ತಿದ್ದಳು. ಆಯ್ತಮ್ಮಾ ಅಂದಳು, ಕನ್ನಡದಲ್ಲಿ.

ನನ್ನ ಚುನಾವಣೆಯನ್ನು ನಾನೇ ನೋಡಲಿಲ್ಲ. ಹಾರ ಇಲ್ಲ, ಜೈಕಾರ ಇಲ್ಲ, ಯಾರೂ ತಿರುಗಿ ಕೂಡ ನೋಡಲಿಲ್ಲ. ಆಯ್ಕೆ ಸಮಿತಿ ಇವರ ಹೆಸರು ಹೇಳಿದೆ, ಒಪ್ಪಿಗೆಯೇ, ಹೌದು, ಟಕ್. ಅವರು ಆಗಲೇ ಚರಂಡಿಯ ವಿಷಯಕ್ಕೆ ಹೋಗಿದ್ದರು. ಅಷ್ಟು ಸಣ್ಣ ಸದ್ದಿನಲ್ಲಿ ಒಂದು ಊರು ತನ್ನ ಅಪ್ಪನಿಲ್ಲದ ಮಕ್ಕಳನ್ನು, ತಮ್ಮ ವ್ಯವಹಾರ ತಾವೇ ನೋಡಿಕೊಳ್ಳಲಾಗದ ಮುದುಕರನ್ನು ತಂದು ನನ್ನಂಥವಳ ಮಡಿಲಿಗೆ ಹಾಕಿಬಿಟ್ಟಿತು. ನನಗಾದದ್ದು ಭಯವೂ ಹೌದು, ಆದರೆ ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿನಲ್ಲಿ ಆಗುತ್ತದಲ್ಲ, ಅದೂ ಹೌದು. ಬಾಯಿಪಾಠ ಮಾಡಿದ ಅರ್ಧ ಪುಟ ಪರ್ಸಿನಲ್ಲೇ ಉಳಿಯಿತು.

ನನ್ನ ಮಗಳ ಫೈಲನ್ನು ಮಾತ್ರ ನಾನು ಮುಟ್ಟುವಂತಿಲ್ಲ. ಅದು ಪಕ್ಕದ ಊರಿಗೆ ಹೋಯಿತು, ತೆಂಗಿನಕಾಯಿ ಸಮೇತ.

ಮಾರ್ಚ್‌ನಲ್ಲಿ ಬಸ್ ಓಡಿಸುತ್ತಿದ್ದವರಿಗೆ ಮಂಡಿಯ ಆಪರೇಷನ್ ಆಯಿತು. ಆ ವಾರಗಳಲ್ಲಿ ನಾನು ಕೂತೆ. ಪುರಸಭೆಯ ಎರಡನೇ ಮಹಡಿಯ ಸಣ್ಣ ಕೋಣೆ, ಕಿಟಕಿಯಲ್ಲಿ ಒಂದು ಗಿಡ. ಮೊದಲ ದಿನ ಮೇಜಿನ ಮೇಲಿದ್ದ ಫೈಲು ಐದು ವರ್ಷದ ಒಂದು ಹೆಣ್ಣುಮಗುವಿನದು. ತಂದೆ ಹೋಗಿದ್ದರು, ತಾಯಿ ಮತ್ತು ಮಗು ಪಾಲುದಾರರು. ಕೆಳಗೆ ಅದೇ ಎರಡನೇ ಪ್ಯಾರಾ. ಒಂದಕ್ಷರ ಬದಲಾಗಿರಲಿಲ್ಲ. ಅದನ್ನು ಓದುವಾಗ ಆ ತಾಯಿಗೆ ಹೇಗಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೆನ್ನು ಎತ್ತಿಕೊಂಡೆ. ಒಗೆಯುವ ಕೋಣೆಯ ನೆಲದ ಕೆಸರು ಕಣ್ಣ ಮುಂದೆ ಬಂತು. ಸಹಿ ಹಾಕಿದೆ.

ಮೂರನೇ ದಿನ ಆ ತಾಯಿ ಬಂದಳು. ಸ್ವೀಡಿಷ್ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಕೆಂಪಾದ ಕಣ್ಣು, ಕೈಯಲ್ಲಿ ಮುದುರಿದ ಆ ಕಾಗದ. ಕೂತುಕೋ ಅಂದರೆ ಕೂರಲಿಲ್ಲ. ನನ್ನನ್ನೂ, ಬಾಗಿಲ ಮೇಲಿನ ಹೆಸರನ್ನೂ ನೋಡಿದಳು. ಇಲ್ಲಿಯ ಜನ ಸಾಮಾನ್ಯವಾಗಿ ದನಿ ಎತ್ತುವುದಿಲ್ಲ, ಅವಳೂ ಎತ್ತಲಿಲ್ಲ. ಮೆಲ್ಲಗೆ ಕೇಳಿದಳು.

"ನಿನ್ನ ಮಗಳಾಗಿದ್ದರೆ ಈ ಸಹಿ ಹಾಕ್ತಿದ್ದೆಯಾ?"

"ನನ್ನ ಮಗಳಿಗೆ ಹಾಕಿದ್ದಾರೆ," ಅಂದೆ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ನಾನು ಎರಡು ಲೋಟ ಕಾಫಿ ತಂದೆ, ಡ್ರಾಯರ್‌ನಿಂದ ಪ್ಯಾಡ್ ತೆಗೆದು, ಇಂಥ ದಿನ ಮಗುವಿನ ತಾಯಿ ಬಂದರು ಅಂತ ಬರೆದೆ.